ಕೊಡಗಿನಲ್ಲಿ ಗಾಳ ಹಾಕುವ ಮುನ್ನ

ಕೊಡಗಿಗೆ ಗಾಳ ಹಿಡಿದು ಹೊರಡುವವರು ರಾಡು, ರೀಲು, ತಂಗೂಸಿಗಳ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ನೀರು ಯಾರದ್ದು ಎಂದು ಮಾತ್ರ ಕೇಳುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ನಾಗರಹೊಳೆಯಲ್ಲಾಗಲಿ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳಲ್ಲಾಗಲಿ ಗಾಳ ಹಾಕುವ ಮಾತೇ ಇಲ್ಲ. ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಅಥವಾ ಪರವಾನಗಿ ಪಡೆದವರದ್ದು. ತೋಟದ ಕೆರೆ ತೋಟದ ಮಾಲೀಕರದ್ದು.

ನಾವು ವಿಚಾರಿಸಿದ ಒಂದು ಹೋಂಸ್ಟೇಯವರು, "ಹೊಳೆ ನಮ್ಮ ತೋಟದ ಅಂಚಿನಲ್ಲೇ ಹರಿಯುತ್ತದೆ, ಎಷ್ಟು ಬೇಕಾದರೂ ಹಿಡಿಯಿರಿ" ಎಂದು ಫೋನಿನಲ್ಲಿ ಧಾರಾಳವಾಗಿ ಹೇಳಿದರು. ಪರವಾನಗಿ ಇದೆಯೇ ಎಂದು ಕೇಳಿದಾಗ ಮಾತು ಕ್ಯಾಂಪ್‌ಫೈರಿನ ಕಡೆಗೆ ತಿರುಗಿತು. ತೋಟದ ಪಕ್ಕದಲ್ಲಿ ಹರಿದ ಮಾತ್ರಕ್ಕೆ ಕಾವೇರಿ ಯಾರ ಖಾತೆಗೂ ಸೇರುವುದಿಲ್ಲ. ಇಂಥ ಆಹ್ವಾನ ಬಂದರೆ ಕಾಗದ ತೋರಿಸಲು ಹೇಳಿ, ಇಲ್ಲವೆಂದರೆ ಬೇರೆ ಕಡೆ ಕೋಣೆ ಹಿಡಿಯಿರಿ.

ಹೊಳೆಯಲ್ಲಿ ಮಹಶೀರ್ ಹಿಡಿಯುವ ಆಸೆಯಿದ್ದವರು ವಿಚಾರಿಸಬೇಕಾದ ಜಾಗ ವಾಲ್ನೂರು. ಕುಶಾಲನಗರದಿಂದ ಮಡಿಕೇರಿ ಕಡೆಗೆ ಹೊರಟು, ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿ ಸಿದ್ದಾಪುರದ ರಸ್ತೆ ಹಿಡಿದರೆ ನಂಜರಾಯಪಟ್ಟಣ, ದುಬಾರೆಯ ತಿರುವು, ಆಮೇಲೆ ವಾಲ್ನೂರು. ಬೆಂಗಳೂರಿನಿಂದ ಕುಶಾಲನಗರಕ್ಕೆ ಸುಮಾರು 220 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಂದ ಮುಂದಕ್ಕೆ ಸ್ವಂತ ವಾಹನವೋ ಬಾಡಿಗೆ ಜೀಪೋ ಇದ್ದರೆ ಒಳ್ಳೆಯದು. ವಾಲ್ನೂರು ಭಾಗದ ಕಾವೇರಿಯಲ್ಲಿ ಮಹಶೀರ್ ಉಳಿಸುವ ಕೆಲಸಕ್ಕೆ ಕೈಹಾಕಿದ್ದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ. ಹಿಡಿದ ಮೀನನ್ನು ಬಿಟ್ಟುಬಿಡಬೇಕೆಂಬ ಷರತ್ತಿನ ಮೇಲೆ ಪರವಾನಗಿ ಕೊಡುವ ಪದ್ಧತಿ ನಡೆಸಿಕೊಂಡು ಬಂದದ್ದೂ ಅವರೇ. ಗುತ್ತಿಗೆಯ ನವೀಕರಣದಂತೆ ನಿಯಮಗಳೂ ಶುಲ್ಕವೂ ಬದಲಾಗುತ್ತವೆ. ಆದ್ದರಿಂದ ಮಡಿಕೇರಿಯಲ್ಲಿ ಸೊಸೈಟಿಯವರನ್ನು ವಿಚಾರಿಸಿ, ಈ ಋತುವಿನಲ್ಲಿ ಅವಕಾಶ ಇದೆ ಎಂದು ಖಚಿತವಾದ ಮೇಲೆಯೇ ರಜೆ ಹಾಕಿ.

ಬಿಟ್ಟುಬಿಡಬೇಕು ಎಂದರೆ ಮುಖ ಸಿಂಡರಿಸುವವರಿದ್ದಾರೆ. ಅವರಿಗೆ ಈ ಮೀನಿನ ಕಥೆ ಗೊತ್ತಿರಲಿಕ್ಕಿಲ್ಲ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ದಾಖಲೆಯ ಮೀನು ಈ ಜಾತಿಯದ್ದೇ. ಇಷ್ಟು ಹೆಸರುವಾಸಿಯಾಗಿದ್ದರೂ ಅದರ ವೈಜ್ಞಾನಿಕ ಹೆಸರು ಇತ್ಯರ್ಥವಾದದ್ದು 2018ರಲ್ಲಿ. ಆ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಮರಳು ತೆಗೆದದ್ದು, ಅಣೆಕಟ್ಟು ಕಟ್ಟಿದ್ದು, ಸಿಡಿಮದ್ದು ಹಾಕಿ ಮೀನು ಹಿಡಿದದ್ದು ಎಲ್ಲವೂ ಕಾರಣಗಳೇ. ಜೊತೆಗೆ ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹೆಚ್ಚುತ್ತ ಹೋಯಿತು. ಇಂದು ಗಾಳಕ್ಕೆ ಬೀಳುವುದು ಬಹುಪಾಲು ಈ ನೀಲಿ ರೆಕ್ಕೆಯದ್ದೇ.

ಹೊಳೆಗೆ ಒಳ್ಳೆಯ ಕಾಲ ಮಳೆ ನಿಂತು ನೀರು ತಿಳಿಯಾದ ಮೇಲೆ. ಡಿಸೆಂಬರಿನಿಂದ ಮುಂದಕ್ಕೆ ಬಂಡೆಗಳು ಕಾಣತೊಡಗುತ್ತವೆ, ಮಡುವು ಯಾವುದು ಹರಿವು ಯಾವುದು ತಿಳಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ನೀರು ಸ್ವಲ್ಪ ಬಣ್ಣ ತಿರುಗಿದಾಗ ಮೀನು ಚುರುಕಾಗುತ್ತದೆ ಎನ್ನುವುದು ಅಲ್ಲಿನವರ ಲೆಕ್ಕ. ನಾನೂ ಆ ಲೆಕ್ಕವನ್ನು ನಂಬುತ್ತೇನೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಹೊಳೆಯ ಕಡೆ ಹೋಗಲೇಬೇಡಿ. ಅದು ಮೀನು ಮೊಟ್ಟೆಯಿಡುವ ಕಾಲ. 2018 ಮತ್ತು 2019ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡವರಿಗೆ ಕೊಡಗಿನ ಮಳೆಯ ಬಗ್ಗೆ ಬೇರೆ ಎಚ್ಚರಿಕೆ ಬೇಕಿಲ್ಲ.

ಮೇವಿಗೆ ರಾಗಿ ಹಿಟ್ಟಿನ ಮುದ್ದೆ ಸಾಕು. ಗಟ್ಟಿಯಾಗಿ ಬೇಯಿಸಿ, ನಿಂಬೆ ಗಾತ್ರದ ಉಂಡೆ ಕಟ್ಟಿ, ಗಾಳ ಪೂರ್ತಿ ಮುಚ್ಚುವಂತೆ ಒತ್ತಬೇಕು. ಬೆಂದದ್ದು ಕಡಿಮೆಯಾದರೆ ಹರಿವಿನಲ್ಲಿ ಕರಗಿಹೋಗುತ್ತದೆ. ಗಾಳ ಒಂಟಿ ಕೊಕ್ಕೆಯದ್ದಿರಲಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನು ದಡಕ್ಕೆ ಬಂದಾಗ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಫೋಟೊ ಬೇಕಿದ್ದರೆ ಮೀನು ನೀರಿನಲ್ಲಿದ್ದಂತೆಯೇ ತೆಗೆಯಿರಿ. ಬಿಡುವಾಗ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದರೆ ಅದು ಸುಧಾರಿಸಿಕೊಂಡು ತಾನಾಗಿ ಕೈಯಿಂದ ಜಾರುತ್ತದೆ.

ಸಂಜೆ ಐದಕ್ಕೆಲ್ಲ ಸಾಮಾನು ಕಟ್ಟಿಬಿಡಿ. ವಾಲ್ನೂರು, ನೆಲ್ಲಿಹುದಿಕೇರಿ, ಸಿದ್ದಾಪುರದ ಸುತ್ತ ಆನೆಗಳು ಹಗಲೆಲ್ಲ ಕಾಫಿ ತೋಟದೊಳಗೇ ನಿಂತಿದ್ದು ಕತ್ತಲಾಗುವ ಹೊತ್ತಿಗೆ ಹೊಳೆಗೆ ಇಳಿಯುತ್ತವೆ. ಸ್ಥಳೀಯರೊಬ್ಬರು ಜೊತೆಯಲ್ಲಿಲ್ಲದೆ ತೋಟದ ಕಾಲುದಾರಿಯಲ್ಲಿ ನಡೆಯುವುದು ಹಗಲಿನಲ್ಲೂ ಬೇಡ.

ಹಾರಂಗಿ ಜಲಾಶಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಚೆಂದ, ಮಹಶೀರ್ ಮರಿ ಬೆಳೆಸುವ ಇಲಾಖೆಯ ಕೇಂದ್ರವೂ ಅಲ್ಲಿದೆ. ಆದರೆ ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕುವವರಿದ್ದಾರೆ, ಅವರನ್ನು ಕೇಳದೆ ಗಾಳ ಹಾಕುವುದು ಸರಿಯಲ್ಲ. ಅಣೆಕಟ್ಟಿನ ಕೆಳಗೆ ಕೂಡಿಗೆಯವರೆಗಿನ ಹೊಳೆಗೆ ಇಳಿಯುವುದಂತೂ ಅಪಾಯ, ತೂಬು ತೆರೆದರೆ ನೀರು ನೋಡನೋಡುತ್ತಿದ್ದಂತೆ ಏರುತ್ತದೆ. ಚಿಕ್ಲಿಹೊಳೆ ಜಲಾಶಯ ಪುಟ್ಟದು, ಮೀನುಕೊಲ್ಲಿ ಕಾಡಿನ ಮಗ್ಗುಲಲ್ಲಿದೆ. ಅದರ ಗುಂಡಗಿನ ಕೋಡಿಯ ಮೇಲೆ ನೀರು ಇಳಿಯುವುದನ್ನು ನೋಡಿ ಬನ್ನಿ, ಸಾಕು. ಸೋಮವಾರಪೇಟೆ ಬಳಿಯ ಹೊನ್ನಮ್ಮನ ಕೆರೆ ಗೌರಿ ಹಬ್ಬದಂದು ಬಾಗಿನ ಬಿಡುವ ಕೆರೆ. ಅಲ್ಲಿಗೆ ಗಾಳ ಒಯ್ಯಬೇಡಿ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಮೊದಲ ಸಲ ಗಾಳ ಹಿಡಿಯುವವರಿಗೆ ತೋಟದ ಕೆರೆಗಿಂತ ಒಳ್ಳೆಯ ಜಾಗವಿಲ್ಲ. ಕಾಫಿಗೆ ನೀರು ಹಾಯಿಸಲು ತೋಡಿದ ಈ ಕೆರೆಗಳಲ್ಲಿ ಅನೇಕರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಬಿಟ್ಟಿರುತ್ತಾರೆ. ಬಿದಿರಿನ ಕೋಲು, ಬೆಂಡು, ಸಣ್ಣ ಗಾಳ ಇದ್ದರೆ ಆಯಿತು. ಎರೆಹುಳು ಬೇಕೆಂದರೆ ಕೊಟ್ಟಿಗೆಯ ಗೊಬ್ಬರದ ಗುಂಡಿಯ ಬದಿ ಕೆದಕಿದರೆ ಸಿಗುತ್ತದೆ. ಗೆಂಡೆಗೆ ಕಡಲೆಕಾಯಿ ಹಿಂಡಿಯನ್ನು ಅಕ್ಕಿ ತವಡಿನಲ್ಲಿ ಕಲಸಿದ ಉಂಡೆ ಚೆನ್ನಾಗಿ ಹಿಡಿಸುತ್ತದೆ. ಹೂಮಳೆ ತಡವಾದ ವರ್ಷ ಸ್ಪ್ರಿಂಕ್ಲರ್‌ಗೆ ನೀರೆತ್ತಿ ಕೆರೆ ತಳ ಕಾಣುತ್ತದೆ, ಮಾಲೀಕರೇ ಮೀನು ಹಿಡಿದು ಮುಗಿಸಿರುತ್ತಾರೆ. ಆದ್ದರಿಂದ ಫೆಬ್ರವರಿ ಕಳೆದ ಮೇಲೆ ಹೋಗುವುದಾದರೆ ಕೆರೆಯಲ್ಲಿ ನೀರೆಷ್ಟಿದೆ ಎಂದು ಮೊದಲೇ ಕೇಳಿ. ಈ ಕೆರೆಗಳ ದಡ ಕಡಿದಾಗಿರುತ್ತದೆ, ಜೇಡಿಮಣ್ಣು ಜಾರುತ್ತದೆ. ಈಜು ಬಂದರೂ ಮಕ್ಕಳನ್ನು ಅಂಚಿಗೆ ಬಿಡಬೇಡಿ.

ಇಲ್ಲಿ ಹಿಡಿದದ್ದನ್ನು ತಿನ್ನಲು ಅಡ್ಡಿಯಿಲ್ಲ, ತೂಕಕ್ಕೆ ತಕ್ಕ ಹಣ ಕೊಟ್ಟರೆ ಮನೆಯವರೇ ಅಡುಗೆ ಮಾಡಿ ಬಡಿಸುತ್ತಾರೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಮಾಡಲು ಹೇಳಿ. ಸಾಮಾನ್ಯ ಗೆಂಡೆಗೆ ಕೆಸರಿನ ವಾಸನೆ ಇರುತ್ತದೆಂದು ದೂರುವವರಿಗೂ ಆ ಹುಳಿ ಬಿದ್ದ ಸಾರು ಅಕ್ಕಿ ರೊಟ್ಟಿಯ ಜೊತೆ ಒಗ್ಗುತ್ತದೆ. ಕಾಟ್ಲಾ ಸಿಕ್ಕಿದರೆ ತಲೆಯನ್ನು ಬೇರೆಯಾಗಿ ಮಾಡಿಸಿ.