ಬೆಂಚಿನಲ್ಲೇ ಉಳಿಯುವವರ ಪರವಾಗಿ

ಫೈರ್ ಎಂಬ್ಲೆಮ್ ಅನ್ನುವುದು ಸರದಿ ಪ್ರಕಾರ ಸೇನೆ ನಡೆಸುವ ವಿಡಿಯೋ ಗೇಮ್ ಸರಣಿ. ಅದನ್ನು ಆಡುವವರು ನಾಲ್ಕು ಜನ ಸೇರಿದರೆ ಮಾತು ಬೇಗ ಒಂದೇ ಕಡೆ ತಿರುಗುತ್ತದೆ. ಯಾರು ಕೆಲಸಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ? ಪಾತ್ರಗಳನ್ನು ಉಪಯೋಗದ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸುವ ಟಿಯರ್ ಲಿಸ್ಟ್ ಏಳುತ್ತದೆ, ಅದರ ತಳದಲ್ಲಿ ಯಾವಾಗಲೂ ಅವವೇ ಹೆಸರುಗಳು. ವೆಂಡಿ. ಸೋಫಿಯಾ. ಫಿಯೋನಾ. ನನಗೆ ಆ ಲಿಸ್ಟಿನ ತಲೆಗಿಂತ ತಳವೇ ಜಾಸ್ತಿ ಇಷ್ಟ. ಆಟ ಮಾಡಿದವರು ಏನು ಯೋಚಿಸಿದ್ದರು, ಎಲ್ಲಿ ಯೋಚಿಸುವುದನ್ನು ನಿಲ್ಲಿಸಿದರು ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಪಾತ್ರ ವೀಕ್ ಆಗಿರುವುದು ತಪ್ಪೇ ಅಲ್ಲ. ವೀಕ್ ಪಾತ್ರವನ್ನು ಆಡುವವರ ಕೈಗೆ ಕೊಡುವುದೆಂದರೆ ಅವರ ಮುಂದೆ ಒಂದು ಪ್ರಶ್ನೆ ಇಟ್ಟಂತೆ: ಇವನನ್ನು ಹೇಗೆ ನಿಭಾಯಿಸುತ್ತೀರಿ? ಆ ಪ್ರಶ್ನೆಗೆ ಆಟದೊಳಗೆ ಎಲ್ಲೋ ಒಂದು ಉತ್ತರ ಇರಬೇಕು. ಕಷ್ಟದ ಉತ್ತರವಾದರೂ ಪರವಾಗಿಲ್ಲ. ಉತ್ತರವೇ ಇಲ್ಲದಿದ್ದರೆ ಮಾತ್ರ ನನಗೆ ಬೇಜಾರಾಗುತ್ತದೆ.

ವೆಂಡಿಯನ್ನೇ ತೆಗೆದುಕೊಳ್ಳಿ. ಅವಳು ಬರುವುದು 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಜಪಾನಿನಲ್ಲಿ ಬಿಡುಗಡೆಯಾದ ದಿ ಬೈಂಡಿಂಗ್ ಬ್ಲೇಡ್‌ನಲ್ಲಿ, 8ನೇ ಅಧ್ಯಾಯದಲ್ಲಿ. ಭಾರದ ಕವಚ ತೊಟ್ಟ ನೈಟ್, ಲೆವೆಲ್ 1. ಆ ಹೊತ್ತಿಗೆ ಉಳಿದವರೆಲ್ಲ ಎಷ್ಟೋ ಮುಂದೆ ಹೋಗಿರುತ್ತಾರೆ. ಅವಳ ಅಣ್ಣ ಬೋರ್ಸ್ ಅದೇ ಕೆಲಸಕ್ಕೆ ಆಟದ ಶುರುವಿನಿಂದಲೇ ಇದ್ದಾನೆ. ಸಾಲದ್ದಕ್ಕೆ ಅವಳ ಜೊತೆಯಲ್ಲೇ ಬಾರ್ತ್ ಅನ್ನುವ ಇನ್ನೊಬ್ಬ ನೈಟ್ ಬರುತ್ತಾನೆ. ಅವನದೂ ಅದೇ ಕವಚ, ಅದೇ ಭರ್ಜಿ, ಬಂದ ದಿನವೇ ಅವಳಿಗಿಂತ ಗಟ್ಟಿ. ಮ್ಯಾಪ್ ನೋಡಿದರೆ ಉದ್ದುದ್ದ ಕೋಟೆ, ಇವಳು ನಡೆಯುವುದೇ ಒಂದು ಸರದಿಗೆ ನಾಲ್ಕು ಚೌಕ. ಪ್ರೀತಿಯಿಂದ ಬೆಳೆಸಿದರೂ ಕೊನೆಗೆ ಸಿಗುವುದು ಇನ್ನೊಬ್ಬ ನಿಧಾನದ ನೈಟ್. ಇಲ್ಲಿ ಪ್ರಶ್ನೆ ಇದೆ, ಉತ್ತರ ಇಲ್ಲ.

ಅದೇ ಆಟದ ಸೋಫಿಯಾ ವಿಷಯ ಬೇರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಸೋಫಿಯಾ 14ನೇ ಅಧ್ಯಾಯದಲ್ಲಿ ಬರುತ್ತಾಳೆ, ಅವಳದೂ ಲೆವೆಲ್ 1. ಕರಿ ಮಾಯೆ ಬಳಸುವ ಶಾಮನ್. ಯಾರಾದರೂ ಹತ್ತಿರ ಬಂದು ಎರಡು ಏಟು ಕೊಟ್ಟರೆ ಮುಗಿಯಿತು. ಅವಳ ಮಾಯೆ ತಗುಲುವುದೂ ಅಪರೂಪ. ಅಂಕಿ ಮಾತ್ರ ನೋಡಿದರೆ ವೆಂಡಿಗಿಂತ ಕೆಟ್ಟ ಸ್ಥಿತಿ. ಆದರೆ ಆ ಮ್ಯಾಪ್ ಮರಳುಗಾಡು. ಕುದುರೆ ಸವಾರರು ಅಲ್ಲಿ ಹೆಜ್ಜೆ ಕೀಳಲಾರದೆ ಒದ್ದಾಡುತ್ತಾರೆ, ಮಾಯೆ ಬಳಸುವವರು ಸಲೀಸಾಗಿ ನಡೆಯುತ್ತಾರೆ. ಜೊತೆಗೆ, ಅವಳು ಜೀವಂತ ಉಳಿದು, ಅಧ್ಯಾಯ ಬೇಗ ಮುಗಿದರೆ ಮಾತ್ರ ಮುಂದಿನ ಉಪ ಅಧ್ಯಾಯ ತೆರೆಯುತ್ತದೆ. ಅಲ್ಲಿಗೆ ಅವಳು ಹೊಡೆಯುವವಳಲ್ಲ, ಕಾಪಾಡಬೇಕಾದವಳು. ನೀವು ಬೇಗಬೇಗ ಮುನ್ನುಗ್ಗಬೇಕು, ಅವಳನ್ನೂ ಉಳಿಸಿಕೊಳ್ಳಬೇಕು. ಆ ಅಧ್ಯಾಯದ ಬಿಸಿ ಹುಟ್ಟುವುದೇ ಅವಳ ವೀಕ್‌ನೆಸ್‌ನಿಂದ. ಅವಳು ಗಟ್ಟಿಯಾಗಿದ್ದಿದ್ದರೆ ಅದು ಸುಮ್ನೆ ಇನ್ನೊಂದು ಮರಳಿನ ಮ್ಯಾಪ್ ಆಗುತ್ತಿತ್ತು. ಮುಂದಿನ ಅಧ್ಯಾಯಗಳಲ್ಲಿ ಅವಳಿಗೆ ಕೆಲಸ ಇಲ್ಲ ಅನ್ನುವ ದೂರು ನಿಜ. ಆದರೂ ಒಂದು ಅಧ್ಯಾಯವನ್ನು ಹೊತ್ತು ನಿಲ್ಲಿಸಿದ ಪಾತ್ರಕ್ಕೆ ಅಷ್ಟು ಗೌರವ ಕೊಡಬೇಕು.

ಈ ಆಟದಲ್ಲಿ ಇನ್ನೊಂದು ವಿಚಿತ್ರ ಇದೆ. ಹಾರ್ಡ್ ಮೋಡ್‌ನಲ್ಲಿ ಶತ್ರುಗಳಿಗೆ ಹೆಚ್ಚುವರಿ ಸ್ಟ್ಯಾಟ್ (ಬಲ, ವೇಗದಂಥ ಅಂಕಿಗಳು) ಸಿಗುತ್ತದೆ. ಶತ್ರುವಾಗಿ ಎದುರಾಗಿ, ಮಾತುಕತೆಯ ಮೇಲೆ ನಮ್ಮ ಕಡೆ ಬರುವ ಕೆಲವು ಪಾತ್ರಗಳಿಗೂ ಅದು ಸಿಗುತ್ತದೆ. ಅವರು ಪಕ್ಷ ಬದಲಿಸಿದ ಮೇಲೂ ಆ ಸ್ಟ್ಯಾಟ್ ಅವರ ಬಳಿಯೇ ಉಳಿಯುತ್ತದೆ. 4ನೇ ಅಧ್ಯಾಯದಲ್ಲಿ ನಮ್ಮ ತಂಡದ ಕ್ಲಾರಿನ್ ಮಾತಾಡಿಸಿದರೆ ಬರುವ ಕತ್ತಿಗಾರ ರಟ್ಗರ್ ಎಲ್ಲರ ಲಿಸ್ಟಿನಲ್ಲೂ ಮೇಲಿರಲು ಇದೂ ಒಂದು ಕಾರಣ. ಅಂದರೆ ಕಷ್ಟದ ಮೋಡ್‌ನಲ್ಲಿ ಅವನು ಇನ್ನೂ ಗಟ್ಟಿ. ವೆಂಡಿ, ಸೋಫಿಯಾ ಮೊದಲಿನಿಂದಲೂ ಒಳ್ಳೆಯವರ ಕಡೆಯೇ ಇದ್ದವರು, ಹಾಗಾಗಿ ಅವರಿಗೆ ಏನೂ ಇಲ್ಲ. ನಿಷ್ಠೆಯಿಂದ ಇದ್ದವರಿಗೆ ಸೊನ್ನೆ, ಎದುರು ನಿಂತು ಬಂದವರಿಗೆ ಬಹುಮಾನ! ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ವೀಕ್ ಪಾತ್ರಗಳ ಮಾತು ಬಂದರೆ ಜೇಗನ್‌ನನ್ನು ಬಿಡುವ ಹಾಗಿಲ್ಲ. 1990ರ ಮೊದಲ ಫೈರ್ ಎಂಬ್ಲೆಮ್‌ನಲ್ಲಿ ಬಂದ ಹಿರಿಯ ಪ್ಯಾಲಡಿನ್, ಅಂದರೆ ಕುದುರೆ ಸವಾರ ಯೋಧ, ಅವನು. ಶುರುವಿನಲ್ಲಿ ಎಲ್ಲರಿಗಿಂತ ಗಟ್ಟಿ, ಆದರೆ ಬೆಳೆಯುವುದಿಲ್ಲ. ಲೆವೆಲ್ ಏರಿದಾಗ ಪ್ರತಿ ಸ್ಟ್ಯಾಟ್ ಏರಲು ಇಂತಿಷ್ಟು ಶೇಕಡಾ ಅವಕಾಶ ಅಂತ ಇರುತ್ತದೆ, ಅದೇ ಗ್ರೋತ್. ಅವನ ಗ್ರೋತ್ ತೀರಾ ಕಡಿಮೆ. ಆ ನಂತರ ಬಂದ ಆಟಗಳಲ್ಲೂ ಇಂಥವನೊಬ್ಬ ಇರುತ್ತಾನೆ, ಆಡುವವರು ಅವರಿಗೆಲ್ಲ ಜೇಗನ್ ಅಂತಲೇ ಹೆಸರಿಟ್ಟಿದ್ದಾರೆ. ತುಂಬಾ ಕಾಲ ಒಂದೇ ಬುದ್ಧಿಮಾತು ಓಡಾಡುತ್ತಿತ್ತು: ಅವನ ಕೈಯಲ್ಲಿ ಶತ್ರುಗಳನ್ನು ಕೊಲ್ಲಿಸಬೇಡಿ, ಚಿಕ್ಕವರಿಗೆ ಸಿಗಬೇಕಾದ ಎಕ್ಸ್‌ಪೀರಿಯೆನ್ಸ್ (ಲೆವೆಲ್ ಏರಿಸುವ ಅಂಕ) ತಿಂದುಬಿಡುತ್ತಾನೆ.

ಈಗ ಆ ಮಾತು ತಲೆಕೆಳಗಾಗಿದೆ. 2003ರ ದಿ ಬ್ಲೇಜಿಂಗ್ ಬ್ಲೇಡ್‌ನ ಮಾರ್ಕಸ್‌ನನ್ನು ಅನುಭವಿಗಳು ಈಗ ಲಿಸ್ಟಿನ ತುದಿಯ ಹತ್ತಿರ ಇಡುತ್ತಾರೆ. ಕಾರಣ ಸರಳ. ಅವನಿಗೆ ಕುದುರೆ ಇದೆ, ಅವನು ಬೇಗ ಕೈಗೆ ಸಿಗುತ್ತಾನೆ, ಕಷ್ಟದ ಅಧ್ಯಾಯಗಳಲ್ಲಿ ಅವನಿಲ್ಲದೆ ಉಸಿರಾಡುವುದೇ ಕಷ್ಟ. ಕೊನೆಯ ಅಧ್ಯಾಯದಲ್ಲಿ ಎಷ್ಟು ಸ್ಟ್ಯಾಟ್ ಇರುತ್ತದೆ ಅನ್ನುವುದೊಂದೇ ಲೆಕ್ಕ ಅಲ್ಲ, ಯಾವಾಗ ಬರುತ್ತಾನೆ ಅನ್ನುವುದೂ ಲೆಕ್ಕ. ಅದೇ ಆಟದ ನೀನೋ ಇದಕ್ಕೆ ಪೂರ್ತಿ ಎದುರು. ಆಟ ಮುಗಿಯುವ ಹೊತ್ತಿಗೆ ಲೆವೆಲ್ 5ರಲ್ಲಿ ಬರುವ ಹುಡುಗಿ, ಗ್ರೋತ್ ಅದ್ಭುತ. ಆದರೆ ಬೆಳೆಯಲು ಉಳಿದಿರುವ ಅಧ್ಯಾಯಗಳೇ ಕೆಲವು. ಅವಳ ಕಥೆ ಎದೆಗೆ ನಾಟುವಂಥದ್ದು, ಹಾಗಾಗಿ ಜನ ಕಷ್ಟಪಟ್ಟು ಬೆಳೆಸುತ್ತಾರೆ. ನಾನೂ ಬೆಳೆಸುತ್ತೇನೆ. ಲಿಸ್ಟ್ ಏನಾದರೂ ಹೇಳಲಿ.

ಇನ್ನು ಲೆಕ್ಕಗಳ ವಿಷಯ. ಗೇಮ್ ಬಾಯ್ ಅಡ್ವಾನ್ಸ್ ಕಾಲದ ಫೈರ್ ಎಂಬ್ಲೆಮ್‌ನಲ್ಲಿ ಪರದೆಯ ಮೇಲೆ ಕಾಣುವ ಹಿಟ್ ಶೇಕಡಾ, ಅಂದರೆ ಏಟು ತಗುಲುವ ಸಾಧ್ಯತೆ, ನಿಜವಲ್ಲ. ಆಟ 0ಯಿಂದ 99ರವರೆಗಿನ ಎರಡು ಸಂಖ್ಯೆ ತೆಗೆದು, ಅವುಗಳ ಸರಾಸರಿಯನ್ನು ಹಿಟ್ ಜೊತೆ ಹೋಲಿಸುತ್ತದೆ. ಸರಾಸರಿ ಯಾವಾಗಲೂ ನಡುವಿನ ಕಡೆಗೆ ವಾಲುತ್ತದೆ ಅಲ್ವಾ, ಅದರಿಂದ 90 ಅಂತ ತೋರಿಸಿದ್ದು ನಿಜದಲ್ಲಿ 98.1 ಆಗುತ್ತದೆ. 70 ಅಂದರೆ 82.3. ಕೆಳಗಡೆ ಇದು ಉಲ್ಟಾ: 30 ಅಂದರೆ 18.3, 10 ಅಂದರೆ ಬರೀ 2.1. ನಮ್ಮವರು ಸಾಮಾನ್ಯವಾಗಿ ಮೇಲಿನ ಅಂಕಿಯಲ್ಲಿ ಹೊಡೆಯುತ್ತಾರೆ, ಶತ್ರುಗಳು ಕೆಳಗಿನ ಅಂಕಿಯಲ್ಲಿ. ಹಾಗಾಗಿ ಲಾಭ ನಮಗೇ.

ಇದನ್ನು ಮೋಸ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 90 ಅಂತ ಓದಿದಾಗ ಮನುಷ್ಯನ ಮನಸ್ಸು ಅದನ್ನು "ಖಂಡಿತ ತಗುಲುತ್ತದೆ" ಅಂತಲೇ ಓದಿಕೊಳ್ಳುತ್ತದೆ. ಆಟ ಆ ಓದಿಗೆ ತಕ್ಕಂತೆ ನಡೆದುಕೊಳ್ಳುತ್ತದೆ, ಅಷ್ಟೇ. ಇಂಥದ್ದೇ ಸರದಿ ಆಟವಾದ 2012ರ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ಕೂಡ ಸುಲಭದ ಮೋಡ್‌ಗಳಲ್ಲಿ ಆಡುವವರಿಗೆ ಗುಟ್ಟಾಗಿ ಕೈಹಿಡಿಯುತ್ತದೆ. ಆದರೂ ಅದರಲ್ಲಿ ತಪ್ಪಿದ ಗುಂಡುಗಳ ಬಗ್ಗೆ ಜನ ಇವತ್ತಿಗೂ ಗೊಣಗುತ್ತಾರೆ. ನನ್ನ ತಕರಾರು ಒಂದೇ: ಈ ಎರಡು ಸಂಖ್ಯೆಯ ಲೆಕ್ಕದಿಂದ ಹೆಚ್ಚು ಏಟು ತಿನ್ನುವವರು ವೀಕ್ ಪಾತ್ರಗಳೇ. ಸೋಫಿಯಾಳ ಹಿಟ್ 40 ಅಂತ ತೋರಿಸಿದರೆ ನಿಜವಾಗಿ 32.4 ಮಾತ್ರ. ಮೊದಲೇ ಮೇಲಿರುವವರನ್ನು ಈ ಲೆಕ್ಕ ಇನ್ನೂ ಮೇಲೆತ್ತುತ್ತದೆ, ಕೆಳಗಿರುವವರನ್ನು ಇನ್ನೂ ಕೆಳಗೆ ಒತ್ತುತ್ತದೆ.

ಇಂಥದ್ದೇ ಇನ್ನೊಂದು ಸರದಿ ಆಟ, 1997ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ನನ್ನ ಪ್ರೀತಿಯ ಆಟ. ವಿಚಿತ್ರ ನಿಯಮಗಳಿಗೆ ಅದರಷ್ಟು ಧೈರ್ಯ ತೋರಿಸಿದ ಆಟ ಕಡಿಮೆ. ಅಲ್ಲಿ ಪ್ರತಿ ಯೂನಿಟ್‌ಗೂ, ಅಂದರೆ ಹೋರಾಡುವ ಪಾತ್ರಕ್ಕೂ, ಫೇಯ್ತ್ (ನಂಬಿಕೆ) ಅಂತ ಒಂದು ಅಂಕಿ. ಅದು ಜಾಸ್ತಿ ಇದ್ದಷ್ಟು ನಿಮ್ಮ ಮಾಯೆಯ ಬಲ ಜಾಸ್ತಿ, ನಿಮ್ಮ ಮೇಲೆ ಬೀಳುವ ಮಾಯೆಯ ಬಲವೂ ಜಾಸ್ತಿ. ತುಂಬಾ ಏರಿಸಿ 94 ದಾಟಿಸಿದರೆ ಆ ಯೂನಿಟ್ ನಂಬಿಕೆಯ ಹಾದಿ ಹಿಡಿದು ತಂಡವನ್ನೇ ಬಿಟ್ಟು ಹೋಗುತ್ತದೆ. ಶಾಶ್ವತವಾಗಿ. ಧರ್ಮವನ್ನು ಹಿಡಿದು ಅಧಿಕಾರ ನಡೆಸುವವರ ಕಥೆ ಹೇಳುವ ಆಟದಲ್ಲಿ ಇದಕ್ಕಿಂತ ಸರಿಯಾದ ನಿಯಮ ಇನ್ನೊಂದಿಲ್ಲ.

ಅದರ ಕ್ಯಾಲ್ಕ್ಯುಲೇಟರ್ ಜಾಬ್ (ಪಾತ್ರಕ್ಕೆ ಕೊಡುವ ವೃತ್ತಿ) ಕೂಡ ಹಾಗೆಯೇ. ಆ ಜಾಬ್‌ನಲ್ಲಿರುವ ಯೂನಿಟ್‌ನ ಸರದಿ ಬರುವುದೇ ತಡ, ಮೈಯಲ್ಲಿ ಬಲವಿಲ್ಲ. ಆದರೆ ಅದರ ವಿದ್ಯೆ ಭಯಂಕರ. ಲೆವೆಲ್ 5ರ ಗುಣಕ ಆಗಿರುವವರೆಲ್ಲ, ನಿಂತ ನೆಲದ ಎತ್ತರ 3ರ ಗುಣಕ ಆಗಿರುವವರೆಲ್ಲ, ಹೀಗೆ ಗುರುತು ಹಾಕಿ ಮ್ಯಾಪ್ ಪೂರ್ತಿ ಒಂದೇ ಸಲ ಮಾಯೆ ಬಿಡಬಹುದು. ಕಾಯಬೇಕಿಲ್ಲ, ಮಾಯಾಶಕ್ತಿ ಖರ್ಚಿಲ್ಲ. ನಮ್ಮವರೂ ಆ ಲೆಕ್ಕಕ್ಕೆ ಸಿಕ್ಕರೆ ಅವರಿಗೂ ಬೀಳುತ್ತದೆ. ಆ ಆಮೆ ನಡಿಗೆಯನ್ನು ಸಹಿಸಿ ವಿದ್ಯೆ ಕಲಿತು, ಆಮೇಲೆ ಜಾಬ್ ಬದಲಿಸಿದರೆ ಆಟವೇ ನಿಮ್ಮ ಕೈಗೆ ಬರುತ್ತದೆ. ಸಮತೋಲನ ಕೆಟ್ಟಿದೆ ಅನ್ನಿ, ಒಪ್ಪುತ್ತೇನೆ. ಆದರೆ ವೀಕ್‌ನೆಸ್‌ಗೆ ಇಲ್ಲಿ ಪ್ರತಿಫಲ ಇದೆ.

ಕ್ಲೌಡ್‌ಗೆ ಆ ಭಾಗ್ಯ ಇಲ್ಲ. ಫೈನಲ್ ಫ್ಯಾಂಟಸಿ 7ರ ನಾಯಕ, ಅತಿಥಿಯಾಗಿ ಬಂದವನು, ಆಟ ಕೊನೆಯಾಗುವ ಹೊತ್ತಿಗೆ ಲೆವೆಲ್ 1ರಲ್ಲಿ ಕೈಗೆ ಸಿಗುತ್ತಾನೆ. ಲಿಮಿಟ್ ಅನ್ನುವ ಅವನ ವಿಶೇಷ ವಿದ್ಯೆಗಳಿಗೆ ಮಟೀರಿಯಾ ಬ್ಲೇಡ್ ಬೇಕೇ ಬೇಕು. ಆ ಕತ್ತಿ ಒಂದು ಜ್ವಾಲಾಮುಖಿಯ ನೆತ್ತಿಯಲ್ಲಿ ಹೂತಿದೆ. ಬಚ್ಚಿಟ್ಟ ವಸ್ತು ಹುಡುಕುವ ವಿದ್ಯೆ ಇರುವವರು ಸರಿಯಾದ ಚೌಕದ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಅವನ ವಿದ್ಯೆ ಸಿದ್ಧವಾಗುವಷ್ಟರಲ್ಲಿ ಶತ್ರು ಜಾಗ ಬದಲಿಸಿರುತ್ತಾನೆ. ಆ ಹೊತ್ತಿಗೆ ತಂಡದಲ್ಲಿ ಒಂದೇ ಏಟಿಗೆ ಎಲ್ಲರನ್ನೂ ಮಲಗಿಸುವ ಆರ್ಲಾಂಡು ಇರುತ್ತಾನೆ. ಕ್ಲೌಡ್‌ಗೆ ಮಾಡಲು ಏನು ಉಳಿದಿದೆ?

ಅದೇ ಆಟದ ರಾಫಾಳದು ಇನ್ನೂ ಸಂಕಟ. ರಿಯೋವೇನ್ಸ್ ಕೋಟೆಯ ಮಾಳಿಗೆಯಲ್ಲಿ ಅವಳನ್ನು ಕಾಪಾಡಬೇಕು, ಅವಳು ಸತ್ತರೆ ಸೋಲು. ಎದುರಿಗೆ ಶತ್ರು ಎಲ್ಮ್‌ಡೋರ್, ಅವನ ಜೊತೆಗೆ ಇಬ್ಬರು ಹಂತಕಿಯರು. ರಾಫಾ ನಮ್ಮ ಮಾತು ಕೇಳುವುದಿಲ್ಲ, ಅವಳನ್ನು ನಡೆಸುವುದು ಕಂಪ್ಯೂಟರ್. ಅವಳು ತಾನಾಗಿ ಶತ್ರುಗಳ ಕಡೆಗೆ ನಡೆದು ಹೋಗುತ್ತಾಳೆ. ಎಷ್ಟೋ ಸಲ ನಮ್ಮವರ ಸರದಿ ಬರುವ ಮೊದಲೇ ಕಥೆ ಮುಗಿದಿರುತ್ತದೆ. ಸೋಫಿಯಾಳನ್ನು ಉಳಿಸುವುದು ನನ್ನ ಕೈಯಲ್ಲಿತ್ತು. ಇಲ್ಲಿ ಉಳಿಸಿದರೆ ಅದು ಅದೃಷ್ಟ. ವೀಕ್ ಪಾತ್ರವನ್ನು ಪ್ರೀತಿಸುವ ಅವಕಾಶವನ್ನೇ ಆಟ ಕಿತ್ತುಕೊಳ್ಳುತ್ತದೆ.

ಆದರೂ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ನಿಯಮ 2008ರ ಶ್ಯಾಡೋ ಡ್ರ್ಯಾಗನ್‌ನದು. ಮೊದಲ ಫೈರ್ ಎಂಬ್ಲೆಮ್‌ಗೆ ನಿಂಟೆಂಡೊ ಡಿಎಸ್‌ನಲ್ಲಿ ಮಾಡಿದ ಹೊಸ ರೂಪ ಅದು. ಹೊಸದಾಗಿ ಕೆಲವು ಉಪ ಅಧ್ಯಾಯ ಸೇರಿಸಿದರು. ಅವು ತೆರೆಯಬೇಕಾದರೆ ನಿಮ್ಮ ಸೇನೆಯಲ್ಲಿ ಹದಿನೈದು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರಬೇಕು. ತುಂಬಾ ಜನ ಸತ್ತವರಿಗೆ ಹೊಸ ಜನ ಸಿಗಲಿ ಅನ್ನುವ ಆಸೆ ಇದ್ದಿರಬಹುದು, ಆ ಮಟ್ಟಿಗೆ ಯೋಚನೆ ಕೆಟ್ಟದ್ದಲ್ಲ. ಆದರೆ ಸತ್ತವರು ಸಾಮಾನ್ಯವಾಗಿ ಮರಳಿ ಬರದ ಈ ಸರಣಿಯಲ್ಲಿ, ಒಬ್ಬರೂ ಸಾಯಬಾರದು ಅಂತ ಅಧ್ಯಾಯಗಳನ್ನು ಮತ್ತೆ ಮತ್ತೆ ಆಡುವವರು ಏನು ಮಾಡಬೇಕು? ಹೊಸ ಅಧ್ಯಾಯ ನೋಡಲು ನಮ್ಮವರನ್ನು ಬೇಕೆಂತಲೇ ಶತ್ರುಗಳ ಮುಂದೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ಯಾರನ್ನು ಆರಿಸುತ್ತೇವೆ? ಲಿಸ್ಟಿನ ತಳದವರನ್ನೇ. ಎಲ್ಲರನ್ನೂ ಉಳಿಸಿಕೊಂಡವರಿಗೆ ಬಾಗಿಲು ಮುಚ್ಚಿರುತ್ತದೆ. ಆ ಅಧ್ಯಾಯಗಳಿಗಾಗಿ ನಾನು ಯಾರನ್ನೂ ಬಲಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಇದೇ ಸರಣಿ ಈ ವಿಷಯವನ್ನು ಸರಿಯಾಗಿ ಮಾಡಿ ತೋರಿಸಿದ್ದೂ ಇದೆ. 2012ರ ಅವೇಕನಿಂಗ್‌ನ ಮೊದಲ ಉಪ ಅಧ್ಯಾಯದಲ್ಲಿ ಡಾನೆಲ್ ಬರುತ್ತಾನೆ. ಹಳ್ಳಿಯ ಹುಡುಗ, ಲೆವೆಲ್ 1, ಯುದ್ಧವೇ ಗೊತ್ತಿಲ್ಲದವನು. ಅವನು ತಂಡಕ್ಕೆ ಸೇರಬೇಕಾದರೆ ಆ ಅಧ್ಯಾಯ ಮುಗಿಯುವುದರೊಳಗೆ ಬದುಕಿರಬೇಕು, ಒಂದು ಲೆವೆಲ್ ಆದರೂ ಏರಿರಬೇಕು. ಹಾಗಾಗಿ ಉಳಿದವರೆಲ್ಲ ಅವನಿಗಾಗಿ ಆಡಬೇಕು. ಶತ್ರುವನ್ನು ಹಣ್ಣು ಮಾಡಿ ನಿಲ್ಲಿಸಿ, ಕೊನೆಯ ಏಟು ಅವನಿಗೆ ಬಿಡಬೇಕು. ಅವನಿಗೆ ಆಪ್ಟಿಟ್ಯೂಡ್ ಅನ್ನುವ ಸ್ಕಿಲ್ ಇದೆ, ಎಲ್ಲ ಗ್ರೋತ್‌ಗೂ 20 ಶೇಕಡಾ ಸೇರಿಸುತ್ತದೆ. ಲೆವೆಲ್ 10 ಮುಟ್ಟಿಸಿ, ವೃತ್ತಿ ಬದಲಿಸುವ ಸೆಕೆಂಡ್ ಸೀಲ್ ಕೊಟ್ಟು ಮರ್ಸಿನರಿ (ಬಾಡಿಗೆ ಕತ್ತಿಗಾರ) ಮಾಡಿದ ಮೇಲೆ ಅವನು ಏರುವುದನ್ನು ನೋಡಬೇಕು.

ಕಡಿಮೆ ಸರದಿಯಲ್ಲಿ ಆಟ ಮುಗಿಸಲು ಟರ್ನ್ ಲೆಕ್ಕ ಹಾಕುವವರು ಅವನಿಗೆ ಕೊಡುವ ಹೊತ್ತು ದಂಡ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿ. ನಾನು ಮಾತ್ರ ಪ್ರತಿ ಸಲ ಅವನನ್ನು ಕರೆದುಕೊಳ್ಳುತ್ತೇನೆ. ವಿಧಾನವೂ ಸುಲಭ: ಆ ಆಟದ ಜೇಗನ್ ಆದ ಫ್ರೆಡರಿಕ್‌ನನ್ನು ಅವನ ಜೊತೆ ಪೇರ್ ಅಪ್ ಮಾಡಿ, ಅಂದರೆ ಇಬ್ಬರನ್ನೂ ಒಂದೇ ಚೌಕದಲ್ಲಿ ಜೋಡಿ ಮಾಡಿ. ಡಾನೆಲ್‌ನ ರಕ್ಷಣೆ ಏರುತ್ತದೆ, ಫ್ರೆಡರಿಕ್ ಅವನ ಪರವಾಗಿ ಒಮ್ಮೊಮ್ಮೆ ಏಟನ್ನೂ ತಡೆಯುತ್ತಾನೆ, ಎಕ್ಸ್‌ಪೀರಿಯೆನ್ಸ್‌ನ ದೊಡ್ಡ ಪಾಲು ಹುಡುಗನಿಗೇ ಸೇರುತ್ತದೆ.