ಮರಳಿಗೆ ಮೊಣಕಾಲೂರಿ ಕಂಡ ಚಿತ್ತಾರ

ಮೊದಲ ಸಲ ಹೋದಾಗ ಸೂರ್ಯೋದಯದ ಹೊತ್ತಿಗೆ ಸರಿಯಾಗಿ ಕಡಲತೀರ ತಲುಪಿದ್ದೆ. ಅಲೆಗಳು ಮರಳಿನ ಮೇಲೆ ಮೂಡಿಸುವ ಗೆರೆಗಳನ್ನು ಹತ್ತಿರದಿಂದ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಆಸೆ. ಗೆರೆಗಳೇನೋ ಇದ್ದವು, ಮೊಣಕಾಲು ಮುಳುಗುವಷ್ಟು ನೀರಿನ ಅಡಿಯಲ್ಲಿ! ಸೂರ್ಯನ ವೇಳೆ ನೋಡಿಕೊಂಡಿದ್ದವನು ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿರಲಿಲ್ಲ.

ದಿನಕ್ಕೆರಡು ಬಾರಿ ಉಬ್ಬರ ಬರುವ ತೀರಗಳಲ್ಲಿ ಅದರ ವೇಳೆ ದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಬೆಳಗಿನ ಆರಕ್ಕೆ ಉಬ್ಬರವಿದ್ದರೆ, ವಾರ ಕಳೆದ ಮೇಲೆ ಅದೇ ಹೊತ್ತಿಗೆ ಇಳಿತವಿರುತ್ತದೆ. ಎಂಟು ದಿನ ಬಿಟ್ಟು ಮತ್ತೆ ಹೋದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ, ನಿಜ. ಆದರೆ ನನಗೆ ಮುಖ್ಯವಾದದ್ದು ಇಳಿತ ಮತ್ತು ಓರೆ ಬಿಸಿಲು ಒಟ್ಟಿಗೆ ಸಿಗುವುದು. ಬಿಸಿಲು ಪಕ್ಕದಿಂದ ಬಿದ್ದಾಗ ಪ್ರತಿ ಗೆರೆಗೂ ನೆರಳಿರುತ್ತದೆ. ಸೂರ್ಯ ಮೇಲೇರಿದಂತೆ ಅದೇ ಮರಳು ಸಪ್ಪೆಯಾಗುತ್ತದೆ.

ಆ ದಿನ ಗೆರೆಗಳಿಗಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟಿದ್ದು ಪುಟ್ಟ ಏಡಿಗಳು. ಬೆರಳುಗುರಿನಷ್ಟು ಗಾತ್ರದ ಇವು ಮರಳನ್ನು ಬಾಯಿಗೆ ತುಂಬಿ, ಅದರಲ್ಲಿನ ಆಹಾರವನ್ನು ಸೋಸಿಕೊಂಡು, ಉಳಿದದ್ದನ್ನು ಗುಂಡು ಮಾಡಿ ಹೊರಹಾಕುತ್ತವೆ. ಬಿಲದ ಸುತ್ತ ಆ ಗುಂಡುಗಳು ಕಿರಣಗಳಂತೆ ಹರಡಿಕೊಳ್ಳುತ್ತವೆ. ಹೆಜ್ಜೆ ಸಪ್ಪಳವಾದರೆ ಏಡಿ ಮಾಯ. ಹತ್ತು ನಿಮಿಷ ಅಲುಗದೆ ಕುಳಿತ ಮೇಲೆ ಒಂದು ಹೊರಬಂದು ಕೆಲಸ ಮುಂದುವರಿಸಿತು. ಮುಂದಿನ ಉಬ್ಬರಕ್ಕೆ ರಂಗೋಲಿಯೆಲ್ಲ ಅಳಿಸಿಹೋಗುತ್ತದೆ. ಕಪ್ಪು ಮರಳಿನ ಪಟ್ಟೆಗಳನ್ನೂ ಬಿಡಬೇಡಿ: ಭಾರವಾದ ಖನಿಜದ ಕಣಗಳು ಉಳಿದು ಹಗುರವಾದವು ಕೊಚ್ಚಿಹೋದಾಗ ಅವು ಮೂಡುತ್ತವೆ.

ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲವೆಂದು ಪ್ರವಾಸ ಮುಂದೂಡಬೇಕಿಲ್ಲ. ಗೇಣಗಲದ ಚಿತ್ತಾರಕ್ಕೆ ಮೊಬೈಲ್ ಸಾಕು. ಮ್ಯಾಕ್ರೋದಲ್ಲಿ ಕ್ಯಾಮೆರಾದ ಸೆನ್ಸರ್ ಮೇಲೆ ವಸ್ತು ನಿಜಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದರೆ, ಲೆನ್ಸಿನ ರಂಧ್ರವನ್ನು ಎಫ್/11ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಆದ್ದರಿಂದ ಕ್ಯಾಮೆರಾದ ಬೆನ್ನನ್ನು ಮರಳಿನ ಮೇಲ್ಮೈಗೆ ಸಮಾಂತರವಾಗಿ ಹಿಡಿಯಿರಿ. ರಂಧ್ರವನ್ನು ಇನ್ನೂ ಕಿರಿದಾಗಿಸಿ ಎಫ್/22ಕ್ಕೆ ಹೋದರೆ ಇಡೀ ಚಿತ್ರವೇ ಮೆದುವಾಗುತ್ತದೆ, ಅಂದರೆ ಚೂಪು ಕಳೆದುಕೊಳ್ಳುತ್ತದೆ. ಒದ್ದೆ ಮರಳಿನ ಹೊಳಪನ್ನು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಎಂಬ ಫಿಲ್ಟರ್ ತಗ್ಗಿಸುತ್ತದೆ. ನನಗೆ ಹೊಳಪೇ ಇಷ್ಟ, ಹಾಗಾಗಿ ಆ ಫಿಲ್ಟರನ್ನು ಅರ್ಧ ದಾರಿಯಲ್ಲೇ ಬಿಚ್ಚಿಟ್ಟೆ. ಟ್ರೈಪಾಡಿನ ಕಾಲುಗಳನ್ನು ಮೊದಲೇ ಮರಳಿಗೆ ಒತ್ತಿ ನಿಲ್ಲಿಸಿ, ಇಲ್ಲವಾದರೆ ಅಲೆ ಬಂದುಹೋದಂತೆ ಅವು ಕುಸಿಯುತ್ತಲೇ ಇರುತ್ತವೆ. ತೀರದಲ್ಲಿ ಲೆನ್ಸ್ ಬದಲಿಸಬೇಡಿ. ಗಾಜಿನ ಮೇಲೆ ಮರಳಿದ್ದರೆ ಮೊದಲು ಗಾಳಿ ಊದಿ, ನಂತರವೇ ಒರೆಸಿ. ಮನೆಗೆ ಬಂದ ಮೇಲೆ ಟ್ರೈಪಾಡನ್ನು ಸಿಹಿನೀರಿನಲ್ಲಿ ತೊಳೆಯಿರಿ.

ಹಸಿರು ಪಾಚಿಯ ಬಂಡೆ ಜಾರುತ್ತದೆ. ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಚೆಂದ ಕಾಣಲೆಂದು ಶಂಖವನ್ನು ಎತ್ತಿ ಜರುಗಿಸುವ ಮುನ್ನ ಒಳಗೆ ಯಾರಾದರೂ ಇದ್ದಾರೆಯೇ ನೋಡಿ. ನಾನು ಎತ್ತಿದ್ದಕ್ಕೆ ಕಾಲುಗಳಿದ್ದವು.

ಇನ್ನೊಂದು ಮಾತು: ತಲುಪಿದ ಕೂಡಲೇ ನೀರಿನ ಕಡೆಗೆ ಓಡಬೇಡಿ. ನಾನು ತೆಗೆದ ಅತ್ಯುತ್ತಮ ಗೆರೆಗಳ ಚಿತ್ರದ ಮೂಲೆಯಲ್ಲಿ ನನ್ನದೇ ಹಿಮ್ಮಡಿಯ ಗುರುತಿದೆ.