ಸುಬ್ಬಿಯ ಊಟ ಮತ್ತು ಮೀನಿಲ್ಲದ ತಿಂಗಳುಗಳು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲಕ್ಕೆ ಬಿಡುವು ಕೊಡಬೇಕೆಂಬುದು ಈ ನಿಷೇಧದ ಉದ್ದೇಶ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಲ್ಲುತ್ತವೆ. ನಾಡದೋಣಿಯವರಿಗೆ ಸಿಕ್ಕಷ್ಟು ತಾಜಾ ಮೀನು ಮಾರುಕಟ್ಟೆಗೆ ಬರುತ್ತದೆ, ಉಳಿದದ್ದು ಹೊರರಾಜ್ಯಗಳಿಂದ ಮಂಜುಗಡ್ಡೆಯಲ್ಲಿ ಕುಳಿತು ಬರುತ್ತದೆ. ಮನೆಮಂದಿ ಈ ಎರಡು ತಿಂಗಳನ್ನು ಒಣಮೀನು, ಮೊಟ್ಟೆ, ಹಲಸಿನ ಬೀಜ, ಕಣಿಲೆಗಳಲ್ಲಿ ಹೇಗೋ ಕಳೆಯುತ್ತಾರೆ. ನಮ್ಮ ಬೆಕ್ಕು ಸುಬ್ಬಿಗೆ ಮಾತ್ರ ಈ ವ್ಯವಸ್ಥೆ ಸಮ್ಮತವಲ್ಲ. ಮಂಜುಗಡ್ಡೆಯ ಬೂತಾಯಿಯನ್ನು ಬೇಯಿಸಿ ಇಟ್ಟರೆ ಅದು ಹತ್ತಿರ ಬಂದು ಮೂಸಿ, ತಟ್ಟೆಯ ಪಕ್ಕದ ನೆಲವನ್ನು ಮಣ್ಣು ಮುಚ್ಚುವಂತೆ ಮುಂಗಾಲಿನಿಂದ ಕೆರೆದು, ಒಮ್ಮೆ ನಮ್ಮ ಮುಖ ನೋಡಿ ಹೊರಟುಹೋಗುತ್ತದೆ.

ಬೆಕ್ಕು ಹೀಗೆ ಊಟ ಬಿಟ್ಟಾಗ ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಮೊದಲ ಸಲಹೆ, ಹೊಟ್ಟೆ ಹಸಿದರೆ ತಾನೇ ತಿನ್ನುತ್ತದೆ, ಸುಮ್ಮನೆ ಬಿಟ್ಟುಬಿಡು ಎಂಬುದು. ಹಸಿವು ರುಚಿಯನ್ನು ಅರಿಯದು ಎಂಬ ಗಾದೆಯ ಬೆಂಬಲವೂ ಅದಕ್ಕಿದೆ. ಅಮ್ಮ ಮಕ್ಕಳನ್ನೂ ಅಂಗಳದ ನಾಯಿಗಳನ್ನೂ ಇದೇ ಸೂತ್ರದಲ್ಲಿ ಸಾಕಿದವರಾದ್ದರಿಂದ ಅವರೆದುರು ಬೇರೆ ಮಾತಾಡುವುದು ಸುಲಭವಲ್ಲ. ಆದರೂ ಬೆಕ್ಕಿನ ವಿಷಯದಲ್ಲಿ ಈ ಸೂತ್ರ ಅಪಾಯಕಾರಿ ಎಂಬುದನ್ನು ನಾನು ಮನೆಯಲ್ಲಿ ಪಟ್ಟು ಹಿಡಿದು ಹೇಳುತ್ತ ಬಂದಿದ್ದೇನೆ. ಊಟ ನಿಂತಾಗ ದೇಹವು ತನ್ನಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ನಾಯಿಯ ಅಥವಾ ಮನುಷ್ಯನ ಯಕೃತ್ತು ಅದನ್ನು ಒಂದು ಮಟ್ಟಿಗೆ ನಿಭಾಯಿಸುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಕೆಲವೇ ದಿನಗಳ ಉಪವಾಸದಲ್ಲಿ ಅದರ ಯಕೃತ್ತಿನ ಕೋಶಗಳಲ್ಲೇ ಕೊಬ್ಬು ತುಂಬಿಕೊಂಡು ಅವು ಕೆಲಸ ನಿಲ್ಲಿಸುತ್ತವೆ, ಕಣ್ಣು ಮತ್ತು ವಸಡು ಹಳದಿಯಾಗುತ್ತವೆ, ಆ ಹೊತ್ತಿಗೆ ಬೆಕ್ಕಿಗೆ ತಿನ್ನುವ ಇಚ್ಛೆಯೇ ಇರುವುದಿಲ್ಲ. ದುಂಡುದುಂಡಾಗಿ ಬೆಳೆದ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕರಗಿ ಯಕೃತ್ತಿಗೆ ಬರಬೇಕಾದ ಕೊಬ್ಬು ಅದರಲ್ಲೇ ಜಾಸ್ತಿ. ಇಂಥ ಬೆಕ್ಕನ್ನು ಉಳಿಸಿಕೊಳ್ಳಲು ವೈದ್ಯರು ಅನ್ನನಾಳಕ್ಕೆ ನಳಿಕೆ ಹಾಕಿ ವಾರಗಟ್ಟಲೆ ಆಹಾರ ಕೊಡಬೇಕಾಗಬಹುದು. ಹಠಕ್ಕೆ ಹಠ ಹೂಡಿ ಬೆಕ್ಕನ್ನು ಪಳಗಿಸುತ್ತೇನೆ ಎನ್ನುವವರು ಇದೊಂದನ್ನು ಮೊದಲು ತಿಳಿದಿರಬೇಕು. ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡುವುದು ನಮ್ಮ ಮನೆಯ ನಿಯಮ. ಮರಿಯಾದರೆ ಅಷ್ಟು ಹೊತ್ತೂ ಕಾಯುವಂತಿಲ್ಲ.

ಆದ್ದರಿಂದ ಊಟ ಬಿಟ್ಟ ಬೆಕ್ಕನ್ನು ಕೊಬ್ಬಿನದು, ಸೊಕ್ಕಿನದು ಎಂದು ಬಯ್ಯುವ ಮೊದಲು ಅದರ ಮೂಗು ಮತ್ತು ಬಾಯಿಯನ್ನು ನೋಡುವುದು ಒಳ್ಳೆಯದು. ಬೆಕ್ಕುಗಳಲ್ಲಿ ವೈರಾಣುವಿನಿಂದ ಬರುವ ನೆಗಡಿ ಸಾಮಾನ್ಯ. ಮೂಗು ಕಟ್ಟಿದರೆ ವಾಸನೆ ತಿಳಿಯದು, ವಾಸನೆ ತಿಳಿಯದ ಪದಾರ್ಥವನ್ನು ಬೆಕ್ಕು ಆಹಾರವೆಂದೇ ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮೂಗನ್ನು ಒರೆಸಿ, ಬಿಸಿನೀರಿನ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ಜೊತೆಗೆ ಕೂರಿಸಿಕೊಂಡರೆ ಎಷ್ಟೋ ಸಲ ಅದೇ ತಟ್ಟೆಯ ಅದೇ ಊಟ ಖಾಲಿಯಾಗುತ್ತದೆ. ಹಾಗೆಂದು ಜ್ವರಕ್ಕೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬಾರದು. ಮನುಷ್ಯರಿಗೆ ಸಾಧಾರಣವಾದ ಆ ಮಾತ್ರೆ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ಬಾಯಿಯ ತೊಂದರೆಯ ಲಕ್ಷಣ ಬೇರೆ ಬಗೆಯದು. ಹಸಿದ ಬೆಕ್ಕು ಓಡೋಡಿ ತಟ್ಟೆಯ ಬಳಿ ಬರುತ್ತದೆ, ಒಂದು ತುತ್ತು ಕಚ್ಚಿ ಕೆಳಗೆ ಬೀಳಿಸುತ್ತದೆ, ತಲೆಯನ್ನು ಒಂದು ಬದಿಗೆ ವಾಲಿಸಿ ಅಗಿಯುತ್ತದೆ, ಜೊಲ್ಲು ಸುರಿಸುತ್ತದೆ. ಅಂಥದ್ದನ್ನು ರುಚಿಯ ಹಠ ಎಂದು ತಿಳಿದು ಹೊಸ ಹೊಸ ಪ್ಯಾಕೆಟ್ ತರುತ್ತ ಕೂತರೆ ದುಡ್ಡೂ ದಂಡ, ಬೆಕ್ಕಿನ ಹಲ್ಲುನೋವೂ ಹಾಗೆಯೇ ಉಳಿಯುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆಯೂ ಮೊದಲಿಗೆ ಹೀಗೆ ಊಟ ಸೇರದಿರುವ ರೂಪದಲ್ಲೇ ಕಾಣಿಸಿಕೊಳ್ಳುವುದುಂಟು.

ಕಾಯಿಲೆಯಿಲ್ಲ ಎಂದು ಖಚಿತವಾದ ಮೇಲೆ ಉಳಿಯುವುದು ವಾಸನೆ, ಬಿಸಿ ಮತ್ತು ಅಭ್ಯಾಸ. ಮನುಷ್ಯನ ನಾಲಿಗೆಯ ಮೇಲೆ ಸಾವಿರಾರು ರುಚಿಮೊಗ್ಗುಗಳಿದ್ದರೆ ಬೆಕ್ಕಿಗಿರುವುದು ಕೆಲವು ನೂರು ಮಾತ್ರ. ಅದರ ಊಟದ ತೀರ್ಮಾನ ಬಹುಮಟ್ಟಿಗೆ ಮೂಗಿನಲ್ಲೇ ಆಗಿಹೋಗುತ್ತದೆ. ಸಿಹಿ ಎಂಬ ರುಚಿ ಅದಕ್ಕೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸಲು ಬೇಕಾದ ಎರಡು ಪ್ರೊಟೀನುಗಳಲ್ಲಿ ಒಂದರ ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ನಮ್ಮ ಮನೆಗೆ ಬಂದ ನೆಂಟರೊಬ್ಬರು ಈ ಮಾತನ್ನು ಈಗಲೂ ನಂಬುವುದಿಲ್ಲ, ಏಕೆಂದರೆ ಅವರ ಬೆಕ್ಕು ಮೈಸೂರ್ ಪಾಕ್ ತಿನ್ನುತ್ತದೆ. ಅದು ತಿನ್ನುವುದು ತುಪ್ಪವನ್ನು. ಸಕ್ಕರೆ ಜೊತೆಗೆ ಹೋಗುತ್ತದೆ, ಅಷ್ಟೆ. ಸಿಹಿಯ ಬದಲಿಗೆ ಮಾಂಸ ಮತ್ತು ಮೀನಿನ ಸಾರದಲ್ಲಿರುವ ಉಮಾಮಿ ರುಚಿ ಬೆಕ್ಕಿಗೆ ಚೆನ್ನಾಗಿ ತಿಳಿಯುತ್ತದೆ. ಇಂಗ್ಲೆಂಡಿನ ವಾಲ್ಥಮ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರುಚಿಯನ್ನು ಹಿಡಿಯುವ ಬೆಕ್ಕಿನ ಗ್ರಾಹಕಗಳು ಟ್ಯೂನಾ ಮೀನಿನಲ್ಲಿ ಹೇರಳವಾಗಿರುವಂಥ ಅಂಶಗಳಿಗೆ ಬಲವಾಗಿ ಸ್ಪಂದಿಸುವುದು ಕಂಡುಬಂದಿತು. ಬಂದರಿನ ಬೆಕ್ಕುಗಳು ಮೀನಿನ ಬುಟ್ಟಿಯ ಹಿಂದೆ ಹೋಗುವುದಕ್ಕೆ ಪ್ರಯೋಗಾಲಯದ ಸಾಕ್ಷಿ ಯಾರಿಗೂ ಬೇಕಿರಲಿಲ್ಲ, ಆದರೂ ಸಿಕ್ಕಿತು.

ಬಿಸಿಯ ಮಾತೂ ವಾಸನೆಗೇ ಸೇರಿದ್ದು. ಆಗತಾನೆ ಹಿಡಿದ ಇಲಿಯ ಮೈಬಿಸಿ ಹೇಗಿರುತ್ತದೆಯೋ ಹಾಗಿರುವ ಆಹಾರ ಬೆಕ್ಕಿಗೆ ಹಿತ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೀನಿನಿಂದ ವಾಸನೆಯೇ ಏಳುವುದಿಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಬಿಸಿ ಮಾಡಿ ಕೊಟ್ಟರೆ ಸುಬ್ಬಿ ಬೇಡವೆಂದ ಊಟದಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ತಿನ್ನುತ್ತದೆ. ನಾನು ಕಂಡ ಉಪಾಯಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಬೇಗ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಅಭ್ಯಾಸವೆಂಬುದು ಇನ್ನೂ ಆಳದ ಸಂಗತಿ. ತಾಯಿಯ ಜೊತೆಗಿದ್ದ ಮೊದಲ ವಾರಗಳಲ್ಲಿ ಮರಿ ಯಾವ ವಾಸನೆಯನ್ನು ಊಟವೆಂದು ಕಲಿಯುತ್ತದೆಯೋ ಅದೇ ಬಹುಕಾಲ ಅದರ ಪಾಲಿನ ಊಟವಾಗಿ ಉಳಿಯುತ್ತದೆ. ಸುಬ್ಬಿ ಹುಟ್ಟಿದ್ದು ಮೀನು ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ. ಅದಕ್ಕೆ ಕೋಳಿಮಾಂಸವೂ ಮೊದಲಿಗೆ ಪರದೇಶಿ ಪದಾರ್ಥವಾಗಿತ್ತು. ಕಲಿತದ್ದರಂತೆ ಹೆದರಿದ್ದನ್ನೂ ಬೆಕ್ಕು ಮರೆಯುವುದಿಲ್ಲ. ಕೃಷ್ಣದೇವರಾಯ ಇಲಿಗಳ ಕಾಟಕ್ಕೆಂದು ಪ್ರಜೆಗಳಿಗೆಲ್ಲ ಬೆಕ್ಕನ್ನೂ ಅದರ ಹಾಲಿಗಾಗಿ ಹಸುವನ್ನೂ ಹಂಚಿದಾಗ ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿನ ಮುಂದೆ ಕುದಿಯುವ ಹಾಲನ್ನಿಟ್ಟು, ಆಮೇಲೆ ಅದು ಹಾಲು ಕಂಡರೆ ಓಡುವಂತೆ ಮಾಡಿದ ಕಥೆಯನ್ನು ನಾವೆಲ್ಲ ನಗುತ್ತ ಕೇಳಿದ್ದೇವೆ. ಆ ಕಥೆಯಲ್ಲಿರುವ ಪ್ರಾಣಿಜ್ಞಾನ ಅಪ್ಪಟವಾದದ್ದು. ಯಾವುದೋ ಆಹಾರ ತಿಂದ ಬಳಿಕ ವಾಂತಿಯಾದರೆ, ಅಥವಾ ಮೆಚ್ಚಿನ ಮೀನಿನಲ್ಲಿ ಕಹಿ ಮಾತ್ರೆ ಅಡಗಿಸಿಟ್ಟದ್ದು ಒಮ್ಮೆ ಬಾಯಿಗೆ ಸಿಕ್ಕರೆ, ಬೆಕ್ಕು ಆ ಆಹಾರವನ್ನು ತಿಂಗಳುಗಟ್ಟಲೆ ದೂರವಿಡಬಹುದು. ಔಷಧಿಗೆ ಬೇರೆಯೇ ಒಂದು ತಿನಿಸನ್ನು ಮೀಸಲಿಡುವುದು ಜಾಣತನ. ದಿನದ ಊಟವನ್ನು ಅದಕ್ಕೆ ಬಲಿ ಕೊಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಕೇಳಿದ ಮೀನನ್ನೇ ಕೊಟ್ಟುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಮೀನೊಂದನ್ನೇ ತಿಂದು ಬೆಕ್ಕು ಆರೋಗ್ಯವಾಗಿರಲಾರದು. ಕೆಲವು ಜಾತಿಯ ಹಸಿಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುತ್ತದೆ. ಬೇಯಿಸಿದರೆ ಅದು ಕೆಡುತ್ತದೆ. ಬೂತಾಯಿ, ಬಂಗುಡೆಯಂಥ ಎಣ್ಣೆಮೀನುಗಳನ್ನಷ್ಟೇ ತಿಂದ ಬೆಕ್ಕಿಗೆ ಇ ಜೀವಸತ್ವದ ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ. ಕೋಳಿಯ ಲಿವರನ್ನು ದಿನವೂ ಕೊಟ್ಟರೆ ಎ ಜೀವಸತ್ವ ವಿಷವಾಗುವಷ್ಟು ಸೇರುತ್ತದೆ. ಇನ್ನೊಂದು ತುದಿಯಲ್ಲಿ ಮೊಸರನ್ನದ ಬೆಕ್ಕುಗಳಿವೆ. ನಮ್ಮ ಸಸ್ಯಾಹಾರಿ ಸ್ನೇಹಿತರ ಮನೆಗಳಲ್ಲಿ ಅಜ್ಜಿಯ ಕಾಲದ ಬೆಕ್ಕು ಮೊಸರನ್ನದಲ್ಲೇ ಹದಿನೈದು ವರ್ಷ ಬದುಕಿತ್ತು ಎಂಬ ಮಾತು ಕೇಳಿಬರುತ್ತದೆ. ಅಟ್ಟದ ಇಲಿಗಳ ಲೆಕ್ಕವನ್ನು ಅಜ್ಜಿ ಇಟ್ಟಿರಲಿಲ್ಲ ಎಂಬುದು ನನ್ನ ಉತ್ತರ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂಬುದು 1975ರಲ್ಲಿ ತಿಳಿಯಿತು; ಹೃದಯದ ಸ್ನಾಯು ದುರ್ಬಲವಾಗಿ ಬೆಕ್ಕು ಸಾಯುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಆಮೇಲೆ ಪ್ಯಾಕೆಟ್ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ, ಇಲಿಯ ಮುಖವನ್ನೇ ಕಾಣದೆ ಬೆಳೆಯುವ ಬೆಕ್ಕಿಗೆ ಮೊಸರನ್ನವನ್ನಷ್ಟೇ ಇಡುವುದು, ಮನೆಯವರ ನಂಬಿಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಬೆಕ್ಕಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮೀನಿನ ಸಾರಿನಲ್ಲಿ ಅನ್ನ ಕಲಸಿ ಹಾಕುವ ಕರಾವಳಿಯ ಪದ್ಧತಿಯೂ ಅದಕ್ಕಿಂತ ಬಹಳ ಮೇಲಲ್ಲ. ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಹೀಗಾಗಿ ಮೀನಿಲ್ಲದ ಎರಡು ತಿಂಗಳು ಸುಬ್ಬಿಯ ಊಟವನ್ನು ಬದಲಿಸಲು ನಮಗೆ ಸಿಗುವ ಅವಕಾಶವೂ ಹೌದು. ಹೊಸ ಆಹಾರವನ್ನು ಒಮ್ಮೆಲೇ ತಟ್ಟೆಗೆ ಸುರಿದರೆ ಸೋಲು ಖಚಿತ. ಅದು ಒಪ್ಪಿದ ಮೀನಿಗೆ ಒಂದು ಚಿಟಿಕೆಯಷ್ಟು ಬೇಯಿಸಿ ಅರೆದ ಕೋಳಿಮಾಂಸವನ್ನು ಅಥವಾ ನೆನೆಸಿದ ಪ್ಯಾಕೆಟ್ ಕಾಳುಗಳನ್ನು, ಅಂದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವನ್ನು, ಬೆರೆಸಿ, ಆ ಪಾಲನ್ನು ವಾರದಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು. ಎಲ್ಲಿ ಮೂತಿ ತಿರುಗಿಸಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಹೊರಡಬೇಕು. ಮಾಂಸ ಬೇಯಿಸಿದ ನೀರನ್ನು ಚೆಲ್ಲಬಾರದು, ಏಕೆಂದರೆ ಟಾರಿನ್ ಸಾಕಷ್ಟು ಆ ನೀರಿಗೇ ಇಳಿದಿರುತ್ತದೆ. ಕಾಳು ನೆನೆಸಲು ಅದೇ ನೀರು ಸಾಕು, ವಾಸನೆಯೂ ಬರುತ್ತದೆ. ತಟ್ಟೆಯನ್ನು ಅರ್ಧ ಗಂಟೆಯ ಬಳಿಕ ಎತ್ತಿ, ಮುಂದಿನ ಹೊತ್ತಿಗೆ ಮತ್ತೆ ಇಡುತ್ತೇವೆ. ಆದರೆ ಮೂಸಿ ಬಿಟ್ಟ ತಕ್ಷಣ ಬೇರೊಂದು ತಿನಿಸನ್ನು ತಂದಿಡುವುದಿಲ್ಲ. ಬೇಡವೆಂದರೆ ಇನ್ನೂ ಒಳ್ಳೆಯದು ಬರುತ್ತದೆ ಎಂಬ ಪಾಠವನ್ನು ಬೆಕ್ಕು ಒಂದೇ ದಿನದಲ್ಲಿ ಕಲಿಯುತ್ತದೆ, ಅದನ್ನು ಮರೆಸಲು ತಿಂಗಳು ಬೇಕು.

ಮಳೆಗಾಲದ ತೊಂದರೆಗಳು ಬೇರೆ. ತೇವಕ್ಕೆ ಕಾಳುಗಳು ಮೆತ್ತಗಾಗಿ, ಅವುಗಳ ಕೊಬ್ಬು ಕಮಟು ಹಿಡಿಯುತ್ತದೆ. ನಮ್ಮ ಮೂಗಿಗೆ ಏನೂ ತಿಳಿಯದಿದ್ದರೂ ಬೆಕ್ಕು ಹಳೆಯ ಪ್ಯಾಕೆಟನ್ನು ತಿರಸ್ಕರಿಸುವುದು ಇದೇ ಕಾರಣಕ್ಕೆ. ದೊಡ್ಡ ಚೀಲದ ಉಳಿತಾಯವನ್ನು ಮರೆತು ಸಣ್ಣ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಮೇಲು. ಇರುವೆಗೆ ಹೆದರಿ ಊಟದ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತೇವೆ. ತನ್ನ ಕುಡಿಯುವ ನೀರಿನ ಬಟ್ಟಲನ್ನು ಮುಟ್ಟದ ಸುಬ್ಬಿ ಈ ಇರುವೆಯ ನೀರನ್ನು ಮಾತ್ರ ಬಹಳ ಇಷ್ಟಪಟ್ಟು ಕುಡಿಯುತ್ತದೆ. ನಿಂಬೆಯ ಪರಿಮಳದ ಸೋಪಿನಲ್ಲಿ ತೊಳೆದ ತಟ್ಟೆಯನ್ನು ಅದು ಹತ್ತಿರಕ್ಕೂ ಸೇರಿಸುವುದಿಲ್ಲವಾದ್ದರಿಂದ ಅದರ ಪಾತ್ರೆಗೆ ಬಿಸಿನೀರೇ ಗತಿ.

ಊಟ ಸೇರುತ್ತಿಲ್ಲ ಎಂಬ ದೂರಿನ ಹಿಂದೆ ಕೆಲವೊಮ್ಮೆ ಬರೀ ಲೆಕ್ಕದ ತಪ್ಪಿರುತ್ತದೆ. ಮನೆಯೊಳಗೇ ಇರುವ ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕಿಲೋಕ್ಯಾಲರಿ, ಅಂದರೆ ಎಂಟು ಸಣ್ಣ ಇಲಿಗಳಷ್ಟು. ಪ್ರಕೃತಿಯಲ್ಲಿ ಅದು ಈ ಪ್ರಮಾಣವನ್ನು ಹಗಲಿರುಳು ಚಿಕ್ಕ ಚಿಕ್ಕ ಊಟಗಳಾಗಿ ತಿನ್ನುತ್ತದೆ. ನಾವು ಎರಡೇ ಹೊತ್ತಿಗೆ ರಾಶಿ ಹಾಕಿ, ಅರ್ಧ ಬಿಟ್ಟಿತೆಂದು ಕೊರಗುತ್ತೇವೆ. ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿಸಿದರೆ ಅದರಲ್ಲೇ 60 ಕಿಲೋಕ್ಯಾಲರಿ ಮುಗಿಯಿತು, ಜೊತೆಗೆ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಲೆಕ್ಕಕ್ಕೆ ಸೇರದ ಇನ್ನೊಂದು ಬಾಬತ್ತು ನೆರೆಮನೆ. ಕಳೆದ ಮಳೆಗಾಲದಲ್ಲಿ ಸುಬ್ಬಿ ನಮ್ಮ ತಟ್ಟೆಯನ್ನು ಮೂಸದೆ ಹೋದರೂ ತೂಕ ಕಳೆದುಕೊಳ್ಳದಿದ್ದುದನ್ನು ಕಂಡು ವಿಚಾರಿಸಿದಾಗ, ಎದುರುಮನೆಯ ಅಕ್ಕ ಅದನ್ನು ರಾಣಿ ಎಂದು ಕರೆದು ಮಧ್ಯಾಹ್ನ ಹುರಿದ ಮೀನು ಹಾಕುತ್ತಿದ್ದದ್ದು ತಿಳಿಯಿತು. ಅವರಿಗೆ ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ಈಗ ಮಧ್ಯಾಹ್ನದ ಪಾಲಿನ ಕಾಳುಗಳನ್ನು ಒಂದು ಡಬ್ಬಿಯಲ್ಲಿ ಅಳೆದು ಅವರ ಮನೆಯಲ್ಲೇ ಇಟ್ಟಿದ್ದೇವೆ; ಅವರು ಅದರ ಮೇಲೆ ಒಂದು ಚೂರು ಉಪ್ಪು ಖಾರವಿಲ್ಲದ ಮೀನನ್ನು ಮುರಿದು ಹಾಕುತ್ತಾರೆ, ಸುಬ್ಬಿ ನಮ್ಮಲ್ಲಿ ಮುಟ್ಟದ ಅದೇ ಕಾಳುಗಳನ್ನು ಅಲ್ಲಿ ಮುಗಿಸಿ ಬರುತ್ತದೆ.